ಉಪ್ಪುನೀರಿನ ಬೋರ್ಡಿಗೆ ನೀರೇ ಮದ್ದು: ನನ್ನ ಅನುಭವ

ಕುಂದಾಪುರದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟವನಿಗೆ ಸಮುದ್ರಕ್ಕೆ ಬಿದ್ದ ಫೋನು ತಪ್ಪಿದ್ದಲ್ಲ. ಜೂನ್, ಜುಲೈ ತಿಂಗಳಲ್ಲಿ ಯಾಂತ್ರೀಕೃತ ದೋಣಿಗಳಿಗೆ ನಿಷೇಧ ಇರುವುದರಿಂದ ಸ್ವಲ್ಪ ಬಿಡುವು. ಆಗಲೂ ನಾಡದೋಣಿಯವರು ಬರುತ್ತಾರೆ. ಆಗಸ್ಟ್ ಬಂತೆಂದರೆ ಗಂಗೊಳ್ಳಿ ಬಂದರಿನ ಕಡೆಯಿಂದ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿದ ಡೆಡ್ ಫೋನುಗಳು ಒಂದರ ಹಿಂದೆ ಒಂದು ಬರುತ್ತವೆ. ಇಂಥವನ್ನು ನೋಡಿದ ಕೂಡಲೇ "ಬೋರ್ಡ್ ಹೋಗಿದೆ, ಹೊಸದು ತೆಗೆದುಕೊಳ್ಳಿ" ಎಂದು ಹೇಳಿ ಕಳಿಸುವುದು ನಮ್ಮ ವೃತ್ತಿಯ ರೂಢಿ. ನಾನು ಈಗ ಹಾಗೆ ಕಳಿಸುವುದಿಲ್ಲ. ಶೀಲ್ಡ್ (ಬೋರ್ಡಿನ ಚಿಪ್ಪುಗಳ ಮೇಲಿನ ಲೋಹದ ಮುಚ್ಚಳ) ತೆಗೆಯಲು, ಮೀಟರ್ ಹಿಡಿಯಲು ಬರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಹೊಸಬರಿಗೆ ಪಾಠ ಹೇಳುವ ತಾಳ್ಮೆ ನನಗಿಲ್ಲ.

ಎಲ್ಲರೂ ಮಾಡುವುದು ಒಂದೇ: ಥಿನ್ನರ್ ಅಥವಾ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಸುರಿದು, ಬ್ರಶ್‌ನಲ್ಲಿ ತಿಕ್ಕಿ, ಹಾಟ್ ಏರ್ ಹಿಡಿದು ಆನ್ ಮಾಡುವುದು. ಎಷ್ಟೋ ಸಲ ಆನ್ ಆಗುತ್ತದೆ. ಗಿರಾಕಿ ಹಣ ಕೊಟ್ಟು ಹೋಗುತ್ತಾನೆ. ಎರಡು ಮೂರು ವಾರದಲ್ಲಿ ಅದೇ ಫೋನು ಮತ್ತೆ ಕೌಂಟರಿನ ಮೇಲೆ. ಈ ಬಾರಿ ನಿಜವಾಗಿಯೂ ಹೋಗಿರುತ್ತದೆ, ಜೊತೆಗೆ ಅಂಗಡಿಯ ಹೆಸರೂ. ಕಾರಣ ಸರಳ: ಐಪಿಎಯಲ್ಲಿ ಉಪ್ಪು ಕರಗುವುದಿಲ್ಲ. ನಂಬಿಕೆ ಬಾರದವರು ಗಾಜಿನ ಲೋಟದಲ್ಲಿ ಐಪಿಎ ಹಾಕಿ, ಒಂದು ಚಿಟಿಕೆ ಅಡುಗೆ ಉಪ್ಪು ಉದುರಿಸಿ ಕಲಕಿಡಿ. ಬೆಳಿಗ್ಗೆ ನೋಡಿದರೆ ಉಪ್ಪು ತಳದಲ್ಲಿ ಹಾಗೆಯೇ ಕುಳಿತಿರುತ್ತದೆ. ಬೋರ್ಡಿನ ಮೇಲಿನ ಹಸಿರು ಕಿಲುಬು ಬ್ರಶ್‌ಗೆ ಹೋಗುತ್ತದೆ, ಐಸಿಗಳ, ಅಂದರೆ ಚಿಪ್ಪುಗಳ, ಅಡಿಯಲ್ಲಿನ ಉಪ್ಪು ಹೋಗುವುದಿಲ್ಲ. ನಮ್ಮ ಕರಾವಳಿಯ ಗಾಳಿಯಲ್ಲಿ ಅದು ತೇವ ಹೀರಿಕೊಂಡು ಮತ್ತೆ ತಿನ್ನಲು ತೊಡಗುತ್ತದೆ.

ಹಾಗಾದರೆ ಉಪ್ಪು ಕರಗುವುದು ಯಾವುದರಲ್ಲಿ? ನೀರಿನಲ್ಲಿ. ಉಡುಪಿಯಲ್ಲಿ ಈ ಕೆಲಸದಲ್ಲಿ ನನಗಿಂತ ಹಿರಿಯರೊಬ್ಬರಿದ್ದಾರೆ. ಅವರಿಗೆ ಇದನ್ನು ಹೇಳಿದಾಗ, "ನೀರು ಬಿದ್ದು ಸತ್ತ ಬೋರ್ಡಿಗೆ ಮತ್ತೆ ನೀರು ಹಾಕುತ್ತೀಯಾ ಮಾರಾಯ? ತಿಥಿ ಊಟವನ್ನೂ ನೀನೇ ಹಾಕಿಸಿಬಿಡು" ಎಂದು ಅಂಗಡಿಯಲ್ಲಿದ್ದವರೆಲ್ಲ ಕೇಳುವಂತೆ ನಕ್ಕರು. ಆದರೆ ಕೊಲ್ಲುವುದು ನೀರೊಂದೇ ಅಲ್ಲ. ಉಪ್ಪು, ತೇವ, ಬ್ಯಾಟರಿಯ ಕರೆಂಟು ಮೂರೂ ಸೇರಿದಾಗಲೇ ಬೋರ್ಡ್ ಬೇಗ ಸಾಯುವುದು. ಯಾವ ಪಿನ್ನಿನಲ್ಲಿ ಸದಾ ಪಾಸಿಟಿವ್ ವೋಲ್ಟೇಜ್ ಇರುತ್ತದೋ ಅದೇ ಮೊದಲು ಕರಗುತ್ತದೆ. ಬ್ಯಾಟರಿ ಕನೆಕ್ಟರಿನ ಪಾಸಿಟಿವ್ ಬದಿಯನ್ನು ನೋಡಿ, ಎಲ್‌ಸಿಡಿ ಫೋನಾದರೆ 20 ವೋಲ್ಟ್ ಆಸುಪಾಸು ಓಡುವ ಬ್ಯಾಕ್‌ಲೈಟ್ ಲೈನನ್ನು ನೋಡಿ. ಬ್ಯಾಟರಿ ಬಿಚ್ಚಿಟ್ಟ ಬೋರ್ಡಿಗೆ ಶುದ್ಧ ನೀರು ಏನೂ ಮಾಡುವುದಿಲ್ಲ.

ಈ ದಾರಿಗೆ ಬರುವ ಮೊದಲು ನನ್ನ ಜೇಬು ಚೆನ್ನಾಗಿಯೇ ಖಾಲಿಯಾಯಿತು. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಮೂರೂವರೆ ಸಾವಿರ ಕೊಟ್ಟು, ದ್ರವವನ್ನು ನಡುಗಿಸಿ ತೊಳೆಯುವ ಅಲ್ಟ್ರಾಸಾನಿಕ್ ತೊಟ್ಟಿ ತಂದೆ. ಐಪಿಎ ಹಾಕಿ ಓಡಿಸಿದರೆ ಉಪ್ಪು ಹೋಗಲಿಲ್ಲ, ಮೈಕು ಮಾತ್ರ ಹೋಯಿತು. ಆ ನಡುಕ ಮೈಕಿಗೆ ಆಗಿಬರುವುದಿಲ್ಲ. ಆಮೇಲೆ ಶಾರ್ಟ್ ಹುಡುಕಲೆಂದು ಇಪ್ಪತ್ತು ಸಾವಿರದ ಹತ್ತಿರ ಸುರಿದು ಥರ್ಮಲ್ ಕ್ಯಾಮೆರಾ ಕೊಂಡೆ. ಒಳ್ಳೆಯ ವಸ್ತುವೇ, ಆದರೆ ನನ್ನ ಅಂಗಡಿಯ ಗಳಿಕೆಗೆ ಅಷ್ಟು ಹಣದ ಭಾರ ಹೊರುವ ಶಕ್ತಿ ಇರಲಿಲ್ಲ. ಅರ್ಧ ಬೆಲೆಗೆ ಮಾರಿದೆ. ಕೊನೆಗೆ ಕೆಲಸಕ್ಕೆ ಬಂದದ್ದು ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಕ್ಯಾನು ಮತ್ತು ನೀರಿನಲ್ಲಿ ಎಷ್ಟು ಲವಣ ಕರಗಿದೆಯೆಂದು ತೋರಿಸುವ ಇನ್ನೂರು ರೂಪಾಯಿಯ ಟಿಡಿಎಸ್ ಮೀಟರು. ನೀರಿನ ಫಿಲ್ಟರ್ ಮಾರುವವರು ಮನೆಗೆ ಬಂದು ಲೋಟದಲ್ಲಿ ಅದ್ದಿ ಹೆದರಿಸುತ್ತಾರಲ್ಲ, ಅದೇ ಪೆನ್ನು.

ಕ್ರಮ ಹೀಗಿದೆ. ಬ್ಯಾಟರಿ, ಫೋಲ್ಡರ್ (ಡಿಸ್‌ಪ್ಲೇ), ಕ್ಯಾಮೆರಾ, ಸ್ಪೀಕರ್ ಎಲ್ಲ ಬಿಚ್ಚಿ ಬರೀ ಬೋರ್ಡ್ ಉಳಿಸಿಕೊಳ್ಳುತ್ತೇನೆ. ಬೋರ್ಡಿನ ಮೇಲಿನ ಮೈಕಿನ ತೂತಿಗೆ ಹಳದಿ ಹೀಟ್ ಟೇಪ್. ಶೀಲ್ಡುಗಳನ್ನು ತೆಗೆಯುವುದು ಕಡ್ಡಾಯ, ಶೀಲ್ಡಿನ ಕೆಳಗಡೆಯೇ ರೋಗ ಇರುವುದು. ಕಾಲು ಲೀಟರ್ ಡಿಸ್ಟಿಲ್ಡ್ ವಾಟರನ್ನು ಕೈಗೆ ಬಿಸಿ ತಟ್ಟುವಷ್ಟು, ಅಂದರೆ 50 ಡಿಗ್ರಿಯ ಹಾಗೆ, ಕಾಯಿಸಿ ಬೋರ್ಡನ್ನು ಮುಳುಗಿಸಿ ಮೆತ್ತನೆಯ ಬ್ರಶ್ ಆಡಿಸುತ್ತೇನೆ. ಹತ್ತು ಹದಿನೈದು ನಿಮಿಷ ಬಿಟ್ಟು ಟಿಡಿಎಸ್ ಪೆನ್ನು ಅದ್ದಿದರೆ ಮೊದಲ ನೀರು ನಾನೂರರ ಮೇಲೆ ತೋರಿಸುತ್ತದೆ. ಎರಡನೆಯ ನೀರು ಐವತ್ತು ಅರವತ್ತು. ಹತ್ತಕ್ಕಿಂತ ಕೆಳಗೆ ಬರುವವರೆಗೆ ನೀರು ಬದಲಿಸುತ್ತ ಹೋಗುವುದು, ಅಷ್ಟೇ. ಹೊಸ ನೀರನ್ನು ಮೊದಲು ಅಳೆದಿಟ್ಟುಕೊಳ್ಳಿ. ಡಿಸ್ಟಿಲ್ಡ್ ಎಂದು ಚೀಟಿ ಅಂಟಿಸಿದ ಎಲ್ಲ ಕ್ಯಾನಿನಲ್ಲೂ ಡಿಸ್ಟಿಲ್ಡ್ ನೀರೇ ಇರುತ್ತದೆ ಎಂದುಕೊಳ್ಳಬೇಡಿ. ಕಿಲುಬು ತುಂಬ ಗಟ್ಟಿಯಾಗಿದ್ದರೆ ಮೊದಲ ನೀರಿಗೆ ನಾನು ಅಡುಗೆಮನೆಯ ಒಂದು ವಸ್ತುವನ್ನು ಚೂರು ಸೇರಿಸುತ್ತೇನೆ. ಅದು ಯಾವುದು, ಎಷ್ಟು ಎನ್ನುವುದು ನನ್ನಲ್ಲೇ ಇರಲಿ. ಅಂಗಡಿ ನಡೆಯಬೇಕು.

ನೀರಿನ ಕೆಲಸ ಮುಗಿದ ಮೇಲೆ ಐಪಿಎ. 99 ಶೇಕಡದ್ದೇ ಬೇಕು, ಔಷಧಿ ಅಂಗಡಿಯ 70 ಶೇಕಡದ್ದು ಬೇಡ. ಇಲ್ಲಿ ಅದರ ಕೆಲಸ ಸ್ವಚ್ಛ ಮಾಡುವುದಲ್ಲ, ಐಸಿ ಅಡಿಯ ನೀರನ್ನು ಹೊರಗೆ ಎಳೆಯುವುದು. ನಂತರ ಡಿಸ್‌ಪ್ಲೇ ಬಿಡಿಸುವ ಸೆಪರೇಟರ್ ತಟ್ಟೆಯ ಮೇಲೆ 70 ಡಿಗ್ರಿಯಲ್ಲಿ ರಾತ್ರಿಯಿಡೀ. ಹಾಟ್ ಏರ್‌ನಿಂದ ಒಣಗಿಸುವ ಅವಸರ ಬೇಡ.

ಈಗ ಮುಖ್ಯ ವಿಷಯ. ಉಪ್ಪುನೀರಿನ ಬೋರ್ಡನ್ನು, ಬ್ಯಾಟರಿಯ ಬದಲು ಕರೆಂಟ್ ಕೊಟ್ಟು ಅಳೆಯುವ ಡಿಸಿ ಸಪ್ಲೈಗೆ ಹಾಕಿದರೆ, ಪವರ್ ಬಟನ್ ಒತ್ತುವ ಮೊದಲೇ 30ರಿಂದ 100 ಮಿಲಿಆಂಪ್ ಲೀಕೇಜ್ (ಸೋರುವ ಕರೆಂಟು) ತೋರಿಸುವುದುಂಟು. ಇದನ್ನು ನಾವು ಹಾಫ್ ಶಾರ್ಟ್ ಎಂದು ಬರೆದುಕೊಂಡು ಒಂದೊಂದೇ ಕೆಪಾಸಿಟರ್ ಕೀಳುತ್ತ ಹೋಗುತ್ತೇವೆ, ಆಮೇಲೆ ಚಾರ್ಜಿಂಗ್ ಐಸಿ, ಆಮೇಲೆ ಪವರ್ ಐಸಿ. ಲೀಕೇಜ್ ಹಾಗೆಯೇ ಇರುತ್ತದೆ, ಬೋರ್ಡ್ ಮಾತ್ರ ಹಲ್ಲು ಉದುರಿದ ಬಾಯಿಯಂತಾಗಿರುತ್ತದೆ. ನಾನು ಕಂಡುಕೊಂಡದ್ದು ಇಷ್ಟು: ಇಂಥ ಹಾಫ್ ಶಾರ್ಟುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಯಾವ ಪಾರ್ಟಿನದೂ ಅಲ್ಲ, ಎರಡು ಲೈನುಗಳ ನಡುವೆ ಕೂತ ಉಪ್ಪಿನ ಪೊರೆಯದು. ತೊಳೆದು ಒಣಗಿಸಿ ಹಾಕಿದರೆ ಸಪ್ಲೈ ಸೊನ್ನೆ ತೋರಿಸುತ್ತದೆ. ಮೊದಲ ಬಾರಿ ಆ ಸೊನ್ನೆ ಕಂಡಾಗ ಸಪ್ಲೈಯ ಮೀಟರೇ ಹಾಳಾಗಿದೆಯೆಂದು ಬೇರೆ ಬೋರ್ಡ್ ಹಾಕಿ ನೋಡಿದ್ದೆ. ಆದ್ದರಿಂದ ತೊಳೆಯುವ ಮೊದಲು ಒಂದು ಪಾರ್ಟನ್ನೂ ಕೀಳಬೇಡಿ.

ತೊಳೆದ ಮೇಲೂ ಉಳಿಯುವುದು ನಿಜವಾದ ಶಾರ್ಟ್. ಫುಲ್ ಶಾರ್ಟ್ ಆದರೆ ಥರ್ಮಲ್ ಕ್ಯಾಮೆರಾ ಬೇಡವೇ ಬೇಡ, ಮೂವತ್ತು ರೂಪಾಯಿಯ ರೋಸಿನ್ (ಬೆಸುಗೆಗೆ ಬಳಸುವ ರಾಳ) ಡಬ್ಬಿ ಸಾಕು. ಹಳೆಯ ಸೋಲ್ಡರಿಂಗ್ ಐರನ್ನಿನ ತುದಿಗೆ ರೋಸಿನ್ ಮುಟ್ಟಿಸಿ ಹೊಗೆಯನ್ನು ಬೋರ್ಡಿಗೆ ಹಿಡಿದರೆ ಬಿಳಿ ಪುಡಿ ಕೂರುತ್ತದೆ. ಶಾರ್ಟ್ ಆದ ಲೈನಿಗೆ 1 ವೋಲ್ಟ್‌ನಿಂದ ಆರಂಭಿಸಿ ಕರೆಂಟ್ ಕೊಟ್ಟರೆ, ಬಿಸಿಯಾದ ಕೆಪಾಸಿಟರಿನ ಮೇಲಿನ ಬಿಳಿ ಕರಗಿ ಮೈ ಕಾಣುತ್ತದೆ. ಬ್ಯಾಟರಿ ಲೈನಿನಲ್ಲಿ 4 ವೋಲ್ಟ್‌ವರೆಗೂ ಹೋಗಬಹುದು, ಸಿಪಿಯು ಲೈನಿನಲ್ಲಿ 1 ವೋಲ್ಟ್ ದಾಟಬೇಡಿ. ಸಿಪಿಯು ಲೈನ್ ಮೀಟರಿನಲ್ಲಿ ಸಹಜವಾಗಿಯೇ ಕೆಲವೇ ಓಮ್ ತೋರಿಸುತ್ತದೆ, ಅದನ್ನು ಶಾರ್ಟ್ ಎಂದು ತಿಳಿದು ಒಳ್ಳೆಯ ಬೋರ್ಡನ್ನು ಸುಟ್ಟವರನ್ನು ನೋಡಿದ್ದೇನೆ. 20 ಮಿಲಿಆಂಪ್‌ನಂಥ ಸಣ್ಣ ಲೀಕೇಜಿಗೆ ರೋಸಿನ್ ಕರಗುವಷ್ಟು ಬಿಸಿ ಹುಟ್ಟುವುದಿಲ್ಲ. ಅದಕ್ಕೆ ನನ್ನದೊಂದು ಬೇರೆ ಉಪಾಯವಿದೆ, ಅದು ಬರಹದಲ್ಲಿ ಹೇಳುವಂಥದ್ದಲ್ಲ.

ನಡುವೆ ಕೆಲವು ಚಿಲ್ಲರೆ ಪ್ರಯೋಗಗಳನ್ನೂ ಮಾಡಿದೆ. ಬಾವಿ ನೀರಿನಲ್ಲಿ ತೊಳೆದು ನೋಡಿದೆ. ಮಳೆಗಾಲದಲ್ಲಿ ನಮ್ಮ ಬಾವಿಯ ನೀರು ಟಿಡಿಎಸ್ ಪೆನ್ನಿನಲ್ಲಿ ಕಡಿಮೆ ಅಂಕಿ ತೋರಿಸುತ್ತದೆ, ಏಪ್ರಿಲಿನಲ್ಲಿ ಹೊಳೆಯ ಉಪ್ಪು ಏರಿ ಅಂಕಿ ಮೂರು ನಾಲ್ಕು ಪಟ್ಟಾಗುತ್ತದೆ, ಹಾಗಾಗಿ ಬಿಟ್ಟೆ. ಆರ್‌ಒ ನೀರು ಮೊದಲೆರಡು ತೊಳೆತಕ್ಕೆ ಧಾರಾಳ ಸಾಕು, ಖರ್ಚೂ ಉಳಿಯುತ್ತದೆ. ಒದ್ದೆಯಾದ ಫೋನನ್ನು ಅಕ್ಕಿಯಲ್ಲಿ ಹೂತಿಟ್ಟರೆ ಸರಿಯಾಗುತ್ತದೆ ಎಂಬ ಕಥೆಯನ್ನೂ ಪರೀಕ್ಷಿಸಿದೆ. ಒಂದೇ ಮಾದರಿಯ ಎರಡು ಗುಜರಿ ಬೋರ್ಡುಗಳನ್ನು ಸಮುದ್ರದ ನೀರಿನಲ್ಲಿ ಅದ್ದಿ, ಒಂದನ್ನು ಅಕ್ಕಿ ಡಬ್ಬಿಯಲ್ಲಿ, ಇನ್ನೊಂದನ್ನು ಮೇಜಿನ ಮೇಲೆ ಇಟ್ಟೆ. ವಾರದ ಮೇಲೆ ಎರಡರ ಕಿಲುಬಿನಲ್ಲೂ ವ್ಯತ್ಯಾಸ ಕಾಣಲಿಲ್ಲ. ಅಕ್ಕಿಯಲ್ಲಿದ್ದುದರ ಚಾರ್ಜಿಂಗ್ ಸಾಕೆಟ್ಟಿನಿಂದ ನುಚ್ಚು ತೆಗೆಯುವ ಕೆಲಸ ಮಾತ್ರ ಹೆಚ್ಚಾಯಿತು.

ಲೆಕ್ಕ ಕೇಳುವವರಿಗೆ: ಒಂದು ಬೋರ್ಡಿಗೆ ನೀರು, ಐಪಿಎ, ಫ್ಲಕ್ಸ್ ಸೇರಿ ಎಂಬತ್ತು ತೊಂಬತ್ತು ರೂಪಾಯಿ ಖರ್ಚು. ಸರಿಯಾದರೆ ಸಾವಿರದ ಇನ್ನೂರರಿಂದ ಸಾವಿರದ ಐನೂರು ಕೂಲಿ, ಆಗದಿದ್ದರೆ ತೊಳೆದದ್ದಕ್ಕೆ ಇನ್ನೂರು. ಚಾರ್ಜಿಂಗ್ ಬೋರ್ಡ್ ಮತ್ತು ಬ್ಯಾಟರಿಯನ್ನು ಬದಲಿಸಿಯೇ ಕೊಡುತ್ತೇನೆ, ಅದರ ದುಡ್ಡು ಬೇರೆ. ಮರುದಿನದೊಳಗೆ ಬಂದ ಫೋನುಗಳಲ್ಲಿ ಹತ್ತಕ್ಕೆ ಆರೇಳು ಬದುಕುತ್ತವೆ. ವಾರ ಕಳೆದು, ನಡುವೆ ಎರಡು ಸಲ ಚಾರ್ಜಿಗೆ ಹಾಕಿ ನೋಡಿ ತಂದವುಗಳಲ್ಲಿ ಎರಡು ಬದುಕಿದರೆ ಹೆಚ್ಚು. ಅದಕ್ಕೇ ದೋಣಿಯವರಿಗೆ ಹೇಳಿಟ್ಟಿದ್ದೇನೆ: ಬಿದ್ದರೆ ಆಫ್ ಮಾಡಿ, ಕುಡಿಯುವ ನೀರಿನಲ್ಲಿ ಜಾಲಿಸಿ, ಚಾರ್ಜರ್ ಮುಟ್ಟಿಸದೆ ತನ್ನಿ. ಹೇಳಿದ್ದನ್ನು ಮಾಡುವವರು ಹೆಚ್ಚಾಗುತ್ತಿದ್ದಾರೆ.

ಉಡುಪಿಯ ಹಿರಿಯರು ಕಳೆದ ಸೀಸನ್ನಿನಲ್ಲಿ ತಾವು ಕೈಬಿಟ್ಟ ನಾಲ್ಕೈದು ಬೋರ್ಡುಗಳನ್ನು ಕೊರಿಯರಿನಲ್ಲಿ ಕಳಿಸಿದರು. ಎರಡು ಮಾತ್ರ ಎದ್ದವು, ಉಳಿದವುಗಳಲ್ಲಿ ಮೊದಲೇ ಐಸಿ ಕಿತ್ತಿದ್ದರು. ಈಗ ಅವರ ಮೇಜಿನ ಮೇಲೂ ಟಿಡಿಎಸ್ ಪೆನ್ನಿದೆ, ಹೊಗಳಿಕೆಯ ಮಾತು ಮಾತ್ರ ಇನ್ನೂ ಬಂದಿಲ್ಲ. ನನಗೆ ಇನ್ನೂ ಬಗ್ಗದಿರುವುದು ಐಫೋನ್ ಎಕ್ಸ್‌ನಿಂದ ಬಂದ ಎರಡಂತಸ್ತಿನ ಬೋರ್ಡುಗಳು. ಎರಡು ಹಲಗೆಗಳ ನಡುವೆ ನುಗ್ಗಿದ ಉಪ್ಪು ಬಿಡಿಸದೆ ಹೋಗುವುದಿಲ್ಲ, ಬೋರ್ಡನ್ನು ಕಾಯಿಸಿ ಹಲಗೆಗಳನ್ನು ಬಿಡಿಸಿ ಕೂರಿಸುವ ಪ್ರೀಹೀಟರಿಗೆ ಸದ್ಯ ಹಣವಿಲ್ಲ. ಅವನ್ನು ಬೆಂಗಳೂರಿಗೆ ಕಳಿಸುತ್ತೇನೆ, ಆದರೆ ಕಳಿಸುವ ಮೊದಲು ತೊಳೆದೇ ಕಳಿಸುತ್ತೇನೆ.