ಕೀಬೋರ್ಡ್ ಎರಡು ಹೋಳು ಮಾಡೋರಿಗೆ ಒಂದ್ ಮಾತು

ದಿನಾ ಟೈಪ್ ಮಾಡಿ ಮಣಿಕಟ್ಟು ನೋಯೋ ಬೆಳಗಾವಿ ಮಂದಿ ಕೇಳ್ರಿ. ಹಳೇ ಮೆಕ್ಯಾನಿಕಲ್ ಕೀಬೋರ್ಡ್ ಎರಡು ಹೋಳು ಮಾಡಾಕ ಅದರ ಪಿಸಿಬಿ (ಒಳಗಿನ ಸರ್ಕ್ಯೂಟ್ ಹಲಗಿ) ಗರಗಸಲೆ ಕೊಯ್ಯಬ್ಯಾಡ್ರಿ. ತಾಮ್ರದ ಗೆರಿ ಕಡದು ಸಾಲಿಗೆ ಸಾಲೇ ಕೀ ಸತ್ತು ಹೋಗ್ತಾವ. ಬೆಸುಗಿ ಬಿಡಿಸಿ ಸ್ವಿಚ್ ಅಷ್ಟ ತಗೀರಿ. ಉದ್ಯಮಬಾಗ ಕಡೆ ಲೇಸರ್ ಕಟಿಂಗ್‌ನವರ ಹತ್ರ 1.5 ಮಿಮೀ ದಪ್ಪದ, ಸ್ವಿಚ್ ಕೂಡ್ಸೋ ಎರಡು ಪ್ಲೇಟ್ ಮಾಡಿಸ್ರಿ, ಸ್ವಿಚ್ಚಿನ ತೂತು 14 ಮಿಮೀ ಚೌಕ. ಪ್ರತಿ ಸ್ವಿಚ್ಚಿಗೆ ಒಂದು 1ಎನ್4148 ಡಯೋಡ್ (ಕರೆಂಟ್ ಒಂದೇ ಕಡೆ ಬಿಡೋ ಸಣ್ಣ ಭಾಗ) ಬೆಸೀರಿ, ಎಲ್ಲಾದರ ಕಪ್ಪು ಪಟ್ಟಿ ಒಂದೇ ದಿಕ್ಕಿಗೆ. ಇಲ್ಲಿ ಅವಸರ ಬ್ಯಾಡ. ನಂದು ಒಂದ ಒಂದು ಉಲ್ಟಾ ಆಗಿತ್ತು, ಹುಡುಕೂದ್ರಾಗ ಸಂಜಿ ಆತು. ಎರಡೂ ಕಡೆ ಒಂದೊಂದು ಪ್ರೊ ಮೈಕ್ರೊ (ಕೀ ಒತ್ತಿದ್ದನ್ನ ಓದೋ ಸಣ್ಣ ಕಂಟ್ರೋಲರ್ ಬೋರ್ಡ್), ಅದರಾಗ ಕ್ಯೂಎಂಕೆ (ಕೀಬೋರ್ಡ್ ನಡಸೋ ತಂತ್ರಾಂಶ) ಹಾಕ್ರಿ. ಯುಎಸ್‌ಬಿ ಚಾಲೂ ಇದ್ದಾಗ ನಡುವಿನ ಟಿಆರ್‌ಆರ್‌ಎಸ್ ಕೇಬಲ್ (ಎರಡೂ ಹೋಳು ಕೂಡ್ಸೋ, ಹೆಡ್‌ಫೋನ್ ಪಿನ್ನಿನಂಥಾ ವೈರ್) ಹಚ್ಚೂದು, ತಗಿಯೂದು ಮಾಡಬ್ಯಾಡ್ರಿ. ಜ್ಯಾಕಿನೊಳಗ ಶಾರ್ಟ್ ಆಗಿ ಬೋರ್ಡ್ ಸುಡಬಹುದು. ಹೋಳುಗಳನ್ನ ಭುಜದಷ್ಟು ಅಗಲಕ್ಕ ಇಡ್ರಿ.