ಐದು ಭಾನುವಾರ, ಒಂದು ಕಾರ್ತಿಕದ ಸಂಜೆ: ಕಲ್ಯಾಣಿ ಶ್ರಮದಾನವನ್ನು ನಾವು ಮಾಡುವ ರೀತಿ

ಊರ ಕಲ್ಯಾಣಿಯ ಹೂಳೆತ್ತಿದ ಮೇಲೆ ನಾಲ್ಕು ಜನಕ್ಕೆ ಶಾಲು ಹೊದಿಸುವುದು ಅರ್ಧ ಗಂಟೆಯ ಕೆಲಸ. ಕೆಸರಲ್ಲಿ ನಿಂತ 120 ಜನರಲ್ಲಿ ಒಬ್ಬರ ಹೆಸರೂ ತಪ್ಪದಂತೆ ಗೌರವಿಸುವುದು ಬೇರೆಯೇ ಕೆಲಸ. ಮೊದಲ ಪುಟ್ಟಿ ಹೂಳು ಮೇಲೆ ಬರುವ ಮುಂಚೆಯೇ ಅದು ಶುರುವಾಗಬೇಕು. ಹಾಗಾಗಿ ಹೂಳಿನ ಲೆಕ್ಕ, ಹೆಸರಿನ ಲೆಕ್ಕ ಎರಡನ್ನೂ ಒಟ್ಟಿಗೇ ಬರೆಯುತ್ತಿದ್ದೇನೆ. ಹಳೇ ಮೈಸೂರು ಸೀಮೆಯ ಊರುಗಳಲ್ಲಿ ದೇವಸ್ಥಾನದ ಪಕ್ಕ ಕಾಣುವಂಥ, ಮೇಲೆ 60 ಅಡಿ ಚೌಕ, ಮೆಟ್ಟಿಲಿಳಿದರೆ ತಳದಲ್ಲಿ 30 ಅಡಿ ಚೌಕ ಇರುವ ಕಲ್ಯಾಣಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳುತ್ತೇನೆ.

ಮೊದಲು ಕಲ್ಯಾಣಿ ಯಾರದ್ದೆಂದು ಗೊತ್ತುಮಾಡಿಕೊಳ್ಳಬೇಕು. ಮುಜರಾಯಿ ದೇವಸ್ಥಾನಕ್ಕೆ ಸೇರಿದ್ದರೆ ತಹಶೀಲ್ದಾರರಿಗೆ ಅರ್ಜಿ, ಪಂಚಾಯಿತಿಯದ್ದಾದರೆ ಪಿಡಿಒ ಅವರಿಗೆ. ಪಹಣಿ ತೆಗೆಸಿ ನೋಡಿದರೆ ಕೆಲವು ಖಾಸಗಿ ಹೆಸರಿನಲ್ಲೂ ಇರುತ್ತವೆ; ಆಗ ಅವರ ಒಪ್ಪಿಗೆ ಬರಹದಲ್ಲೇ ಬೇಕು. ಸಂರಕ್ಷಿತ ಸ್ಮಾರಕವೆಂಬ ಫಲಕವಿದ್ದರೆ ಪುರಾತತ್ವ ಇಲಾಖೆಯ ಅನುಮತಿ ಬರುವ ತನಕ ಒಂದು ಹುಲ್ಲನ್ನೂ ಕೀಳಬಾರದು. ಹಳೇಬೀಡಿನ ಹತ್ತಿರದ ಹುಲಿಕೆರೆಯ ಕೊಳದಂತೆ, ಲಕ್ಕುಂಡಿಯ ಮುಸುಕಿನ ಬಾವಿಯಂತೆ ಮೆಟ್ಟಿಲ ನಡುವೆ ಪುಟ್ಟ ಗುಡಿ, ಕೆತ್ತನೆ ಇರುವ ಕೊಳವಾದರೆ, ಫಲಕ ಇಲ್ಲದಿದ್ದರೂ ನಾವು ಇಲಾಖೆಯವರನ್ನು ಕೇಳದೆ ಹಾರೆ ಹಾಕುವುದಿಲ್ಲ. ಹೂಳಿನಲ್ಲಿ ನಾಣ್ಯ, ವಿಗ್ರಹ, ಅಕ್ಷರ ಕೆತ್ತಿದ ಕಲ್ಲು ಸಿಕ್ಕರೆ ಅಲ್ಲೇ ಕೆಲಸ ನಿಲ್ಲಿಸಿ, ಇದ್ದ ಜಾಗದಲ್ಲೇ ಫೋಟೋ ತೆಗೆದು, ತಹಶೀಲ್ದಾರರಿಗೆ ತಿಳಿಸಬೇಕು. ಇದನ್ನು ಮೊದಲ ದಿನವೇ ಎಲ್ಲರಿಗೂ ಕೂಗಿ ಹೇಳುತ್ತೇವೆ.

ಸಮಯ ಸಂಕ್ರಾಂತಿ ಕಳೆದು ಯುಗಾದಿಯೊಳಗೆ. ರಾಗಿ ಒಕ್ಕಣೆ ಮುಗಿದು ಟ್ರ್ಯಾಕ್ಟರು ಬಿಡುವಾಗಿರುತ್ತವೆ, ನೀರು ತಳ ಹಿಡಿದಿರುತ್ತದೆ. ಮಾರ್ಚಿನಲ್ಲಿ ಪರೀಕ್ಷೆ ಇರುವುದರಿಂದ ಜನವರಿಯ ಕೊನೆಯ ಭಾನುವಾರ ಶುರು ಮಾಡಿದರೆ ಹುಡುಗರು ಸಿಗುತ್ತಾರೆ. ಬೆಳಿಗ್ಗೆ 6.30ಕ್ಕೆ ಇಳಿದರೆ 9.30ಕ್ಕೆ ಮುಗಿಸಬೇಕು. ಅದಾದ ಮೇಲೆ ಕಲ್ಲು ಕಾಯುತ್ತದೆ, ಜನ ಸುಸ್ತಾಗುತ್ತಾರೆ, ಕಾಲು ಜಾರುವುದೂ ಆಗಲೇ.

ನೀರು ಉಳಿದಿದ್ದರೆ ಪಂಪಿನಿಂದ ಹೊರಹಾಕಬೇಕಾಗುತ್ತದೆ. ಇಲ್ಲಿ ಆತುರ ಕೂಡದು. ಗೋಡೆಯ ಹಿಂದಿನ ಮಣ್ಣು ಪೂರ್ತಿ ನೆನೆದಿರುತ್ತದೆ. ಎದುರಿಗಿನ ನೀರು ಒಮ್ಮೆಲೇ ಇಳಿದರೆ ಆ ಒದ್ದೆ ಮಣ್ಣಿನ ಒತ್ತಡ ಪೂರ್ತಿ ಕಲ್ಲಿನ ಮೇಲೆ ಬಿದ್ದು, ಗಾರೆ ಹೋದ ಗೋಡೆ ಒಳಕ್ಕೆ ಕುಸಿಯುತ್ತದೆ. ನಾವು ದಿನಕ್ಕೆ ಒಂದೂವರೆ ಅಡಿಗಿಂತ ಹೆಚ್ಚು ಇಳಿಸುವುದಿಲ್ಲ. ಭಾನುವಾರಕ್ಕೆ ಮೂರ್ನಾಲ್ಕು ದಿನ ಮುಂಚೆಯೇ ಪಂಪು ಹಚ್ಚುತ್ತೇವೆ. ಡೀಸೆಲ್ ಪಂಪನ್ನು ಯಾವ ಕಾರಣಕ್ಕೂ ಕಲ್ಯಾಣಿಯ ಒಳಗೆ ಇಳಿಸಬಾರದು. ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಗಾಳಿಯಾಡದ ತಗ್ಗಿನಲ್ಲಿ ಅದು ಪ್ರಾಣ ತೆಗೆಯುತ್ತದೆ. ಇಂಜಿನ್ ದಡದ ಮೇಲಿರಲಿ, ಪೈಪು ಮಾತ್ರ ಕೆಳಗೆ. ಕಲ್ಯಾಣಿಯ ಮೂಲೆಯಲ್ಲಿ ಮುಚ್ಚಿದ ಬಾವಿಯೇನಾದರೂ ಇದ್ದರೆ ಸ್ವಯಂಸೇವಕರು ಅದಕ್ಕೆ ಇಳಿಯುವ ಮಾತೇ ಇಲ್ಲ. ಆಮೆ ಸಿಕ್ಕರೆ ಹತ್ತಿರದ ಕೆರೆಗೆ ಬಿಡುತ್ತೇವೆ. ಹಾವುಗಳಲ್ಲಿ ಹೆಚ್ಚಿನವು ನೀರೊಳ್ಳೆ, ವಿಷವಿಲ್ಲ. ಆದರೂ ಹಾವು ಹಿಡಿಯುವವರೊಬ್ಬರು ಮೊದಲ ಭಾನುವಾರ ಅಲ್ಲೇ ಇದ್ದರೆ ಜನಕ್ಕೆ ಧೈರ್ಯ.

ಈಗ ಲೆಕ್ಕ. ತಳದ 30 ಅಡಿ ಚೌಕದಲ್ಲಿ 3 ಅಡಿ ಹೂಳಿದ್ದರೆ 2,700 ಘನ ಅಡಿ. ಒಂದು ಘನ ಅಡಿ ಹಸಿ ಹೂಳು ಸುಮಾರು 45ರಿಂದ 50 ಕಿಲೋ ತೂಗುತ್ತದೆ. ಒಬ್ಬರು ಆಯಾಸವಿಲ್ಲದೆ ಕೈ ಬದಲಿಸಬಹುದಾದದ್ದು 12 ಕಿಲೋ, ಅಂದರೆ ಘನ ಅಡಿಗೆ ನಾಲ್ಕು ಪುಟ್ಟಿ; ಒಟ್ಟು 10,800 ಪುಟ್ಟಿ. ಮೆಟ್ಟಿಲುದ್ದಕ್ಕೂ ನಿಂತು ಕೈಯಿಂದ ಕೈಗೆ ಪುಟ್ಟಿ ದಾಟಿಸುವ ಜನರ ಒಂದು ಸಾಲು ಚೆನ್ನಾಗಿ ನಡೆದರೆ ಗಂಟೆಗೆ 400 ಪುಟ್ಟಿ ಮೇಲೆ ಬರುತ್ತದೆ. ಎರಡು ಸಾಲು, ಮೂರು ಗಂಟೆ: ಭಾನುವಾರಕ್ಕೆ 2,400. ನಾಲ್ಕೂವರೆ ಭಾನುವಾರ ಎಂದಾಯಿತು, ಐದು ಎಂದು ಹೇಳಿಬಿಡಬೇಕು. ಒಂದೇ ದಿನದಲ್ಲಿ ಮುಗಿಸುತ್ತೇವೆಂದು ಜನ ಕರೆದರೆ ಎರಡನೇ ವಾರ ಯಾರೂ ಬರುವುದಿಲ್ಲ, ಅರ್ಧ ತೋಡಿದ ಕೆಸರು ಮಾತ್ರ ಉಳಿಯುತ್ತದೆ. ಅಗೆದ ಹೂಳು ಉಬ್ಬುವುದರಿಂದ ಟ್ರ್ಯಾಕ್ಟರ್ ಲೆಕ್ಕವನ್ನು ಕಾಲು ಭಾಗ ಹೆಚ್ಚಿಸಿಕೊಳ್ಳಬೇಕು. ಟ್ರೈಲರಿಗೆ 90 ಘನ ಅಡಿಯಂತೆ 37-38 ಲೋಡು, ವಾರಕ್ಕೆ ಏಳೆಂಟು. ಟ್ರ್ಯಾಕ್ಟರು ಅಂಚಿನಿಂದ 15 ಅಡಿ ದೂರವೇ ನಿಲ್ಲಲಿ, ತುಂಬಿದ ಟ್ರೈಲರಿನ ಭಾರ ಗೋಡೆಯನ್ನು ಒಳಕ್ಕೆ ದೂಡುತ್ತದೆ. ಜೆಸಿಬಿ ತರೋಣ ಎನ್ನುವವರು ಪ್ರತಿ ಊರಲ್ಲೂ ಇರುತ್ತಾರೆ. ಅದರ ಬಕೆಟ್ಟಿನ ಹಲ್ಲು ತಾಗಿ ಮೆಟ್ಟಿಲ ಅಂಚು ಮುರಿದರೆ ಮತ್ತೆ ಆ ಕಲ್ಲು ಸಿಗುವುದಿಲ್ಲ ಎಂದು ತಾಳ್ಮೆಯಿಂದ ತಿಳಿಸಿ ಹೇಳುತ್ತೇವೆ.

ಒಂದು ಸಾಲಿಗೆ 18 ಜನ, ಮೂರಡಿಗೊಬ್ಬರು. ಕೆಳಗೆ ಅಗೆದು ತುಂಬುವವರು ಆರು, ಖಾಲಿ ಪುಟ್ಟಿ ಕೆಳಗಿಳಿಸುವವರು ಆರು. ಎರಡು ಸಾಲಿಗೆ 60 ಜನ. ಬಂದವರು 30 ಆದರೆ ಒಂದೇ ಸಾಲು. 15ಕ್ಕಿಂತ ಕಡಿಮೆಯಾದರೆ ಹೂಳು ಮುಟ್ಟದೆ ಮೆಟ್ಟಿಲ ಗಿಡಗಂಟಿ ತೆಗೆಯುವುದು ಮೇಲು. ಸಾಲಿನಲ್ಲಿ ಎದುರುಬದುರಾಗಿ, ಒಬ್ಬರು ಎಡಕ್ಕೆ ಒಬ್ಬರು ಬಲಕ್ಕೆ ಮುಖ ಮಾಡಿ ನಿಂತರೆ ಸೊಂಟ ತಿರುಗಿಸುವುದು ಕಡಿಮೆ. ಇಪ್ಪತ್ತು ನಿಮಿಷಕ್ಕೊಮ್ಮೆ ಸೀಟಿ ಊದಿ ಬದಿ ಬದಲಿಸಬೇಕು, ಅಗೆಯುವವರೂ ಬದಲಾಗಬೇಕು. ಸಾಲು ಕಡಿಯುವುದು ಯಾವಾಗಲೂ ಮೆಟ್ಟಿಲು ತಿರುಗುವ ಜಗಲಿಯ ಹತ್ತಿರ. ಅಲ್ಲಿಗೆ ಗಟ್ಟಿಮುಟ್ಟಾದ ಇಬ್ಬರನ್ನು ನಿಲ್ಲಿಸಿದರೆ ಉಳಿದವರು ತಾವಾಗಿಯೇ ಲಯಕ್ಕೆ ಬರುತ್ತಾರೆ. ಕಬ್ಬಿಣದ ಬಾಂಡ್ಲಿಯ ಅಂಚು ಒದ್ದೆ ಬೆರಳನ್ನು ಕೊಯ್ಯುತ್ತದೆ. ರಬ್ಬರ್ ಪುಟ್ಟಿಯೇ ಒಳ್ಳೆಯದು, ಸಾಲಿಗೆ 25 ಇದ್ದರೆ ಯಾರೂ ಕಾಯಬೇಕಿಲ್ಲ. ಅರ್ಧ ಗಂಟೆಗೊಮ್ಮೆ ಮೆಟ್ಟಿಲಿಗೆ ನೀರೆರಚಿ ಕೆಸರು ತೊಳೆದು ಒದ್ದೆ ಗೋಣಿಚೀಲ ಹಾಸಬೇಕು. ಕೆಳಗಿರುವವರಿಗೆ ಗಮ್‌ಬೂಟು, ಕೈಗವಸು ಕಡ್ಡಾಯ. ಗಾಜು ತಾಗಿ ಗಾಯವಾದರೆ ಅವರನ್ನು ಮೇಲೆ ಕಳಿಸಿ, ಸೋಪಿನಲ್ಲಿ ತೊಳೆಸಿ, ಅವತ್ತೇ ಟಿ.ಟಿ. ಇಂಜೆಕ್ಷನ್ ಕೊಡಿಸಬೇಕು. ಇಲಿ ಓಡಾಡಿದ ಕೊಳೆ ನೀರು ಗಾಯಕ್ಕೆ ತಾಗಿದರೆ ಇಲಿಜ್ವರದ ಭಯವಿದೆ; ಮುಂದಿನ ಎರಡು ಮೂರು ವಾರದಲ್ಲಿ ಜ್ವರ ಬಂದರೆ ಕೆಸರಲ್ಲಿ ಇಳಿದಿದ್ದನ್ನು ವೈದ್ಯರಿಗೆ ಹೇಳಬೇಕು.

ಮೆಟ್ಟಿಲ ಸಂದಿನ ಅರಳಿ, ಅತ್ತಿ ಗಿಡಗಳನ್ನು ಹಗ್ಗ ಕಟ್ಟಿ ಎಳೆಯುವ ಉತ್ಸಾಹವೇ ಹೆಚ್ಚು ಹಾಳು ಮಾಡುತ್ತದೆ. ಬೇರು ಒಳಗೆ ಕಲ್ಲನ್ನು ಅಪ್ಪಿ ಹಿಡಿದಿರುತ್ತದೆ, ಎಳೆದರೆ ಕಲ್ಲೂ ಬರುತ್ತದೆ. ಬೆರಳು ಗಾತ್ರದ್ದನ್ನು ಮಾತ್ರ ಕಿತ್ತು, ದಪ್ಪನೆಯದನ್ನು ಬುಡಕ್ಕೆ ಕತ್ತರಿಸಿ, ತಿಂಗಳಿಗೊಮ್ಮೆ ಚಿಗುರು ಚಿವುಟುತ್ತ ಬಂದರೆ ನಿಧಾನವಾಗಿ ಸೊರಗುತ್ತದೆ. ಸಡಿಲವಾದ ಕಲ್ಲಿಗೆ ಸೀಮೆಸುಣ್ಣದಲ್ಲಿ ನಂಬರು ಬರೆದು ಫೋಟೋ ತೆಗೆದಿಟ್ಟರೆ ಗಾರೆ ಕೆಲಸ ಗೊತ್ತಿರುವವರು ಬಂದಾಗ ಅದೇ ಜಾಗಕ್ಕೆ ಕೂರಿಸಬಹುದು. ಸಿಮೆಂಟು, ಆಸಿಡ್ಡು, ಬಣ್ಣ ಮೂರೂ ಬೇಡ. ತೆಂಗಿನ ನಾರಿನ ಬ್ರಷ್ಷು, ನೀರು ಸಾಕು.

ಹೂಳನ್ನು ರೈತರು ಹೊಲಕ್ಕೆ ಕೇಳಿ ಒಯ್ಯುತ್ತಾರೆ, ಗೋಡು ಎಂದರೆ ಗೊಬ್ಬರದ ಸಮ. ಆದರೆ ಗಾಜು, ಪ್ಲಾಸ್ಟಿಕ್ ಬೇರ್ಪಡಿಸದೆ ಕೊಟ್ಟರೆ ಅವರ ಎತ್ತಿನ ಕಾಲಿಗೆ ಚುಚ್ಚುತ್ತದೆ. ಟ್ರೈಲರ್ ಬಳಿ ಮೂರು ಜನ ಆರಿಸಲೆಂದೇ ಬೇಕು. ಒಡೆದ ದೇವರ ಪಟಗಳು ಪ್ರತಿ ಕಲ್ಯಾಣಿಯಲ್ಲೂ ರಾಶಿ ಸಿಗುತ್ತವೆ. ಅವನ್ನು ಕಸದ ಗಾಡಿಗೆ ಹಾಕಿದರೆ ಜನರ ಮನಸ್ಸು ನೋಯುತ್ತದೆ. ಗಾಜು, ಚೌಕಟ್ಟು ಬೇರೆ ಮಾಡಿ, ಕಾಗದವನ್ನು ನೆನೆಸಿ ಅರಳಿಕಟ್ಟೆಯ ಪಕ್ಕ ಗುಂಡಿ ತೋಡಿ ಮುಚ್ಚುತ್ತೇವೆ. ಹೂಳು ಮುಗಿದ ಮೇಲೆ ನೀರು ಒಳಬರುವ ದಾರಿ ಬಿಡಿಸಬೇಕು. ರಸ್ತೆ ಎತ್ತರಿಸಿದಾಗ ಅದು ಮುಚ್ಚಿಹೋಗಿರುವುದೇ ಎಷ್ಟೋ ಕಲ್ಯಾಣಿಗಳು ಒಣಗಿದ್ದಕ್ಕೆ ಕಾರಣ. ಒಳಹರಿವಿನ ಬಾಯಿಗೆ ಮೂರಡಿ ಉದ್ದ, ಅಗಲ, ಆಳದ ಗುಂಡಿ ಇದ್ದರೆ ಹೊಸ ಮಣ್ಣು ಅಲ್ಲೇ ತಂಗುತ್ತದೆ.

60 ಜನರ ತಿಂಡಿಗೆ ಐದೂವರೆ ಕಿಲೋ ರವೆಯ ಉಪ್ಪಿಟ್ಟು, 6 ಲೀಟರ್ ಮೊಸರಿನಿಂದ 24 ಲೀಟರ್ ಮಜ್ಜಿಗೆ, 20 ಲೀಟರಿನ ಮೂರು ಕ್ಯಾನು ನೀರು. ಮೊದಲ ಭಾನುವಾರದ ಆಹ್ವಾನ ಎಲ್ಲ ಕೇರಿಗೂ, ಮನೆ ಬಾಗಿಲಿಗೇ ಹೋಗಿ. ದೇವಸ್ಥಾನದ ಕಲ್ಯಾಣಿಯಾದ್ದರಿಂದ ಇದನ್ನು ಬಿಡಿಸಿ ಹೇಳಲೇಬೇಕು: ಮೆಟ್ಟಿಲಿಳಿಯಲು ಎಲ್ಲರಿಗೂ ಸಮಾನ ಹಕ್ಕು, ಬಡಿಸುವ ತಂಡದಲ್ಲಿ ಎಲ್ಲ ಕೇರಿಯವರು, ಪಂಕ್ತಿ ಒಂದೇ. ಇದಕ್ಕೆ ಒಪ್ಪದ ಕಡೆ ನಾವು ಕೆಲಸ ಶುರು ಮಾಡುವುದಿಲ್ಲ.

ಹೆಸರಿನ ಪುಸ್ತಕಕ್ಕೆ ಬರುತ್ತೇನೆ. ಇನ್ನೂರು ಪುಟದ ರೂಲ್ಡ್ ಪುಸ್ತಕ. ಕಲಂಗಳು ಹೀಗೆ: ಅವರೇ ಹೇಳಿದಂತೆ ಹೆಸರು, ಕೇರಿ, ಫೋನು, ತುರ್ತಿಗೆ ಕರೆಯಬೇಕಾದವರು, ಮಾಡಿದ ಕೆಲಸ, ಐದು ಭಾನುವಾರದ ಹಾಜರಿಗೆ ಐದು ಚೌಕ. ಅಕ್ಷರ ಬಲ್ಲ ಒಬ್ಬರು ಕಲ್ಯಾಣಿಯ ಮೇಲೆ ಮೇಜು ಹಾಕಿ ಕೂತು ಬರೆಯುತ್ತಾರೆ, ಮೂರು ಗಂಟೆಯೂ ಅವರಿಗೆ ಅದೇ ಕೆಲಸ. ಕೊನೆಯಲ್ಲಿ ಬರೆದರಾಯಿತು ಎಂದು ಬಿಟ್ಟರೆ ಬೇಗ ಬಂದು ಎಂಟಕ್ಕೇ ಹೊಲಕ್ಕೆ ಹೋದವರ ಹೆಸರು ತಪ್ಪುತ್ತದೆ. ಮನೆಯಿಂದಲೇ ಉಪ್ಪಿಟ್ಟು ಮಾಡಿ ಕಳಿಸಿದ ಹೆಂಗಸರು, ಬಾಡಿಗೆ ಬೇಡವೆಂದು ಡೀಸೆಲ್ಲಿಗಷ್ಟೇ ಟ್ರ್ಯಾಕ್ಟರು ಕೊಟ್ಟವರು, ಅದರ ಚಾಲಕರು, ಪುಟ್ಟಿ ಎರವಲು ಕೊಟ್ಟ ಮೇಸ್ತ್ರಿ, ಹಾವು ಹಿಡಿದವರು ಇವರೆಲ್ಲ ಕೆಸರಿಗೆ ಇಳಿಯದವರು. ಇವರನ್ನು ಬರೆಯಲು ಪುಸ್ತಕದ ಹಿಂದಿನಿಂದ ಪ್ರತ್ಯೇಕ ಪುಟ. ಎನ್‌ಎಸ್‌ಎಸ್ ವಿದ್ಯಾರ್ಥಿಗಳು ಬಂದರೆ ತಾರೀಖು, ಗಂಟೆ ಬರೆದು ಅವರ ಕಾರ್ಯಕ್ರಮಾಧಿಕಾರಿಗೆ ಪತ್ರ ಕೊಡುತ್ತೇವೆ. ವರ್ಷಕ್ಕೆ 120 ಗಂಟೆ ಸೇವೆಯಲ್ಲಿ ಐದು ಭಾನುವಾರಕ್ಕೆ 15 ಗಂಟೆ ಅವರ ಲೆಕ್ಕಕ್ಕೆ ಸೇರುತ್ತದೆ. ಇನ್ನೊಂದು ಎಚ್ಚರ: ಅದೇ ಕಲ್ಯಾಣಿಯಲ್ಲಿ ಪಂಚಾಯಿತಿಯಿಂದ ಕೂಲಿ ಕೆಲಸವೂ ನಡೆಯುತ್ತಿದ್ದರೆ ದಿನ, ಜಾಗ ಎರಡನ್ನೂ ಬೇರೆ ಮಾಡಬೇಕು. ಕೂಲಿಯ ಹಾಜರಿಪಟ್ಟಿ, ಶ್ರಮದಾನದ ಪುಸ್ತಕ ಒಂದಕ್ಕೊಂದು ಬೆರೆತರೆ ಇಬ್ಬರ ಮೇಲೂ ಅನುಮಾನ ಬರುತ್ತದೆ.

ಸನ್ಮಾನವನ್ನು ಹೂಳೆತ್ತಿದ ಮರುವಾರವೇ ಮಾಡುವುದು ನಮಗೆ ಸರಿ ಕಂಡಿಲ್ಲ. ಬೇಸಿಗೆಯಲ್ಲಿ ಕಲ್ಯಾಣಿ ಬರಿದಾದ ಗುಂಡಿ. ಮಳೆಗಾಲ ಕಳೆದು ಕಾರ್ತಿಕ ಬರುವಾಗ ನೀರು ನಿಂತಿರುತ್ತದೆ, ತಾವು ತೊಳೆದ ಮೆಟ್ಟಿಲು ಆ ನೀರಲ್ಲಿ ಮುಳುಗಿರುವುದನ್ನು ಜನ ಕಣ್ಣಾರೆ ನೋಡಬಹುದು. ಹೇಗೂ ಊರಲ್ಲಿ ದೀಪೋತ್ಸವ ಇದ್ದೇ ಇರುತ್ತದೆ. ಪುಸ್ತಕದಲ್ಲಿ ಎಷ್ಟು ಹೆಸರೋ ಅಷ್ಟು ಹಣತೆ. ಹೊಸ ಹಣತೆಯನ್ನು ಹಿಂದಿನ ರಾತ್ರಿ ನೀರಲ್ಲಿ ನೆನೆಹಾಕಿ ಒರೆಸಿಟ್ಟರೆ ಎಣ್ಣೆ ಹೀರುವುದಿಲ್ಲ. ಹಣತೆಗೆ 20 ಮಿಲಿಯಂತೆ 120ಕ್ಕೆ 2.4 ಲೀಟರ್, ಮೂರು ಲೀಟರ್ ತಂದರೆ ಸಾಕು. ಎಣ್ಣೆ ಚೆಲ್ಲಿದರೆ ಕಲ್ಲಿಗೆ ಕಲೆ, ಕಾಲಿಗೆ ಜಾರು. ಪ್ರತಿ ಹಣತೆಯ ಕೆಳಗೆ ಬಾಳೆ ಎಲೆಯ ತುಂಡು ಇರಲಿ. ನೀರಿನ ಮಟ್ಟಕ್ಕಿಂತ ಮೂರು ಮೆಟ್ಟಿಲು ಮೇಲೆ ಹಗ್ಗ ಕಟ್ಟಿ, ಅದರ ಕೆಳಗೆ ದೀಪ ಇಡುವುದಿಲ್ಲ. ನಾಲ್ಕು ಮೂಲೆಗೂ ಈಜು ಬಲ್ಲವರು ಒಬ್ಬೊಬ್ಬರು, ಪಕ್ಕದಲ್ಲಿ ಗಾಳಿ ತುಂಬಿದ ಲಾರಿ ಟ್ಯೂಬು. ಸೆರಗು, ಲಂಗದ ಅಂಚಿಗೆ ಕಿಡಿ ತಾಗಬಹುದು, ಎರಡು ಬಕೆಟ್ ನೀರು, ಒಂದು ದಪ್ಪ ಕಂಬಳಿ ಹತ್ತಿರವೇ ಇರಬೇಕು.

ಹೆಸರು ಓದುವುದೇ ಇಡೀ ಸಮಾರಂಭ. ಒಂದು ಹೆಸರಿಗೆ ಆರು ಸೆಕೆಂಡಾದರೆ 120 ಹೆಸರಿಗೆ 12 ನಿಮಿಷ. ಹೆಸರು, ಎಷ್ಟು ಭಾನುವಾರ, ಯಾವ ಕೆಲಸ, ಇಷ್ಟೇ. ಕ್ರಮ ಅಕಾರಾದಿ; ಹುದ್ದೆಯ ಪ್ರಕಾರ ಅಲ್ಲ, ಕೇರಿಯ ಪ್ರಕಾರ ಅಂತೂ ಅಲ್ಲ. ಅಧ್ಯಕ್ಷರು ಒಂದು ಭಾನುವಾರ ಬಂದಿದ್ದರೆ ಅವರ ಹೆಸರು ಅವರ ಅಕ್ಷರದಲ್ಲಿ, ಒಂದು ಭಾನುವಾರ ಎಂದೇ ಬರುತ್ತದೆ. ಓದುವವರು ಶಾಲೆಯ ಇಬ್ಬರು ಮಕ್ಕಳು, ಹಿಂದಿನ ಮೂರು ದಿನ ಅಭ್ಯಾಸ ಮಾಡಿಸಿ, ಒಂದೊಂದು ಹೆಸರಿನ ಉಚ್ಚಾರವನ್ನೂ ಆ ಮನೆಯವರನ್ನೇ ಕೇಳಿ ತಿದ್ದಿರುತ್ತೇವೆ. ಹೆಸರು ಬಂದಾಗ ಅವರು ಎದ್ದು ಬಂದು ತಮ್ಮ ಹಣತೆ ಹಚ್ಚುತ್ತಾರೆ. ಬರಲಾಗದವರದ್ದನ್ನು ಮನೆಯವರು, ತೀರಿಕೊಂಡವರದ್ದನ್ನು ಮಕ್ಕಳು. ಭಾಷಣ ಒಂದೇ, ಐದು ನಿಮಿಷ, ಅದೂ ಎಲ್ಲ ದೀಪ ಹಚ್ಚಿದ ಮೇಲೆ. ಶಾಲು, ಹಾರ, ಪೇಟ ಇಲ್ಲ. ಎಲ್ಲರಿಗೂ ಒಂದೇ ಥರದ ತಾಂಬೂಲ ಮತ್ತು ಒಂದು ಫೋಟೋ. ಆ ಫೋಟೋಗಾಗಿ ಮೊದಲ ದಿನವೇ ಒಂದು ಕಂಬಕ್ಕೆ ಗುರುತು ಹಾಕಿ, ಪ್ರತಿ ಭಾನುವಾರವೂ, ನೀರು ನಿಂತ ಮೇಲೆ ಇನ್ನೊಮ್ಮೆಯೂ ಅದೇ ಜಾಗದಿಂದ ತೆಗೆದಿರಬೇಕು. ಆರು ಚಿತ್ರ ಪಕ್ಕಪಕ್ಕ ಇಟ್ಟು ಅಂಚೆಕಾರ್ಡಿನ ಗಾತ್ರಕ್ಕೆ ಮುದ್ರಿಸಿ, ಹಿಂದೆ ಅವರ ಹೆಸರು ಕೈಯಲ್ಲಿ ಬರೆದರೆ ಅದು ಮನೆಯ ಗೋಡೆಗೇರುತ್ತದೆ.

ಅವತ್ತೇ ರಾತ್ರಿ ಪುಸ್ತಕದಲ್ಲಿ ಹೊಸ ಪುಟ ತೆಗೆದು ತಿಂಗಳಿಗೆ ನಾಲ್ವರಂತೆ ಪಾಳಿ ಬರೆದುಕೊಳ್ಳುತ್ತೇವೆ: ಚಿಗುರು ಚಿವುಟುವುದು, ತೇಲುವ ಕಸ ತೆಗೆಯುವುದು, ಮಣ್ಣು ತಂಗುವ ಗುಂಡಿ ಬರಿದು ಮಾಡುವುದು. ಮೊದಲ ಪಾಳಿಯವರು ಮರುದಿನ ಬೆಳಿಗ್ಗೆ ಆರಕ್ಕೇ ಬಂದು ಹಣತೆ, ಎಲೆ ಎಲ್ಲ ಎಣಿಸಿ ಎತ್ತುತ್ತಾರೆ. ಒಂದು ಕಡಿಮೆಯಾದರೂ ಅದು ನೀರೊಳಗಿದೆ ಎಂದೇ ಅರ್ಥ, ಉದ್ದನೆಯ ಬಲೆ ಹಾಕಿ ಹುಡುಕಬೇಕು.