ಆರು ಕವಡೆ, ನಾಲ್ಕು ಕುದುರೆ: ನಾನು ಆಡಿಸಿದ ಮಹಾಯುದ್ಧ

ಮೊದಲನೇ ಭಾನುವಾರ ನಾನು ಮಾಡಿದ ತಪ್ಪಿನಿಂದಲೇ ಶುರು ಮಾಡ್ತೀನಿ. ಮೊದಲನೇ ಮಹಾಯುದ್ಧಕ್ಕೆ ಹೋದ ಮೈಸೂರಿನ ಕುದುರೆ ಸವಾರರ ಪಾತ್ರ ಹಿಡಿದು ನಾಲ್ವರು ಆಡಬೇಕಿತ್ತು. ನಾನು ಮುಕ್ಕಾಲು ಗಂಟೆ ಪಾಠ ಹೇಳಿದೆ. ಆಸ್ಟ್ರಿಯಾದ ಯುವರಾಜ ಯಾಕೆ ಸತ್ತ, ಯಾರು ಯಾರ ಕಡೆ ಸೇರಿದರು, ತುರ್ಕಿಯವರು ಯಾಕೆ ಬಂದರು, ಎಲ್ಲಾ. ನನ್ನ ತಮ್ಮ ಮೊಬೈಲ್ ತೆಗೆದ. ಸಕಲೇಶಪುರದಿಂದ ಬಸ್ಸಲ್ಲಿ ಬಂದಿದ್ದ ಗೆಳೆಯ ಆಕಳಿಸಿದ. ಬ್ಯಾಂಕಿಂದ ನಿವೃತ್ತರಾದ ಸಾರ್ ಮಾತ್ರ ಮರ್ಯಾದೆಗೆ ತಲೆಯಾಡಿಸ್ತಾ ಕೂತಿದ್ದರು. ಕೊನೆಗೆ ವೆಟರ್ನರಿ ಕಾಲೇಜಿನ ಹುಡುಗಿ ಕೇಳಿದಳು: "ಅಣ್ಣಾ, ಇದೆಲ್ಲಾ ಆ ಸವಾರನಿಗೆ ಗೊತ್ತಿತ್ತಾ?"

ಗೊತ್ತಿರಲಿಲ್ಲ. ಬರೆದುಕೊಂಡು ಬಂದಿದ್ದ ಆರು ಹಾಳೆಯನ್ನು ಅಲ್ಲೇ ಮಡಚಿಟ್ಟೆ.

ನಾವು ಆಡಿದ್ದು ಹಾಸನದಲ್ಲಿ, ಮಹಾರಾಜ ಪಾರ್ಕಿನ ಹತ್ತಿರದ ಒಂದು ಹಳೇ ಮನೆಯ ಮಹಡಿಯಲ್ಲಿ. ಹನ್ನೊಂದು ಭಾನುವಾರ, ಮಧ್ಯಾಹ್ನ ಮೂರರಿಂದ ಏಳು. ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಆಟ ನೋಡದವರಿಗೆ ಒಂದು ಮಾತು. ಒಬ್ಬ ಗೇಮ್ ಮಾಸ್ಟರ್ ಸನ್ನಿವೇಶ ಹೇಳ್ತಾನೆ. ಉಳಿದವರು ಒಂದೊಂದು ಪಾತ್ರ ಹಿಡಿದು "ನಾನು ಹೀಗೆ ಮಾಡ್ತೀನಿ" ಅಂತಾರೆ. ಆಗುತ್ತೋ ಇಲ್ಲವೋ ಅಂತ ಅನುಮಾನ ಬಂದಾಗ ದಾಳ ಹಾಕಬೇಕು. ಸಾಮಾನ್ಯವಾಗಿ ಇದನ್ನು ರಾಕ್ಷಸರು, ಮಂತ್ರವಾದಿಗಳ ಲೋಕದಲ್ಲಿ ಆಡ್ತಾರೆ. ನನಗೆ ಮೈಸೂರು ಲ್ಯಾನ್ಸರ್ಸ್, ಅಂದರೆ ಮೈಸೂರು ಸಂಸ್ಥಾನದ ಭರ್ಜಿ ಹಿಡಿದ ಕುದುರೆ ದಂಡು, ಬೇಕಿತ್ತು.

ಕಾರಣ ಸುಲಭ. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕ ಇದೆ. ಅದರ ಮುಂದೆ ಎಷ್ಟೋ ಸಲ ಓಡಾಡಿ, ಒಂದು ದಿನ ನಿಂತು ಓದಿದೆ. ದೆಹಲಿಯ ತೀನ್ ಮೂರ್ತಿಯಲ್ಲಿ ನಿಂತಿರುವ ಮೂವರು ಹೈದರಾಬಾದ್, ಜೋಧಪುರ, ಮೈಸೂರು ಸೈನಿಕರು ಅನ್ನೋದು ಆಮೇಲೆ ಗೊತ್ತಾಯಿತು. ಮೊದಲನೇ ಮಹಾಯುದ್ಧಕ್ಕೆ ನಾಲ್ವಡಿಯವರು 50 ಲಕ್ಷ ರೂಪಾಯಿ ಕೊಟ್ಟರು. ಕುದುರೆ ದಂಡೂ ಹೋಯಿತು. 1914ರ ಕೊನೆಯಲ್ಲಿ ಸೂಯೆಜ್ ಕಾಲುವೆ, ಆಮೇಲೆ ಸಿನಾಯ್ ಮರಳುಗಾಡು, ಪ್ಯಾಲೆಸ್ಟೈನ್, ಸಿರಿಯಾ. ನಾಲ್ಕು ವರ್ಷ. ನಮ್ಮ ಕಡೆ ಮಹಾಯುದ್ಧ ಅಂದರೆ ಫ್ರಾನ್ಸಿನ ಕಂದಕ, ಇಲ್ಲವೇ ಹಿಟ್ಲರ್. ನಮ್ಮವರೇ ಭರ್ಜಿ ಹಿಡಿದು ಹೋಗಿದ್ದು ಯಾರಿಗೂ ನೆನಪಿಲ್ಲ.

ಪಾತ್ರ ಬರೆಯುವಾಗಲೇ ಮಜಾ ಶುರುವಾಯಿತು. ನನ್ನ ತಮ್ಮ ಊರು ಅಂತ ಇದ್ದ ಕಡೆ "ಚಿಕ್ಕಮಗಳೂರು ಜಿಲ್ಲೆ" ಅಂತ ಬರೆದ. ಆಗ ಅದಕ್ಕೆ ಕಡೂರು ಜಿಲ್ಲೆ ಅಂತಲೇ ಹೆಸರು, ಹೊಡೆದುಹಾಕಿಸಿದೆ. ಹುಡುಗಿಗೆ ದಫೇದಾರ್ ಪದವಿ ಬಂತು. ಎಲ್ಲರೂ ನಕ್ಕರು. ನಮಗೆ ದಫೇದಾರ್ ಅಂದರೆ ಡಿಸಿ ಆಫೀಸಿನ ಬಾಗಿಲಲ್ಲಿ ಪಟ್ಟಿ ಹಾಕಿಕೊಂಡು ನಿಂತಿರುವವನು. ಕುದುರೆ ದಂಡಿನಲ್ಲಿ ಅವನು ಹವಾಲ್ದಾರನ ಸಮ. ಸವಾರರಿಗೆ ಹುಕುಂ ಕೊಡುವವನು.

ಇಲ್ಲೇ ಒಂದು ತೊಂದರೆ. ಬ್ಯಾಂಕ್ ಸಾರ್ ಬರೀ ಸವಾರ್. ಹುಡುಗಿ ಅವರಿಗೆ ಹುಕುಂ ಕೊಡಬೇಕು. "ಸಾರ್, ನೀವು ಹೋಗಿ ನೀರು ತರ್ತೀರಾ?" ಅಂತ ಕೇಳಿದಳು. ಅವರು ಗಹಗಹಿಸಿದರು. "ಅಲ್ಲಮ್ಮಾ, ನೀನಿಲ್ಲಿ ದಫೇದಾರು. ಏಕವಚನದಲ್ಲಿ ಬೈಬೇಕು." ಪ್ರಯತ್ನಪಟ್ಟಳು, ಆಗಲಿಲ್ಲ. ತಿಂಗಳುಗಟ್ಟಲೆ ಪ್ಯಾಲೆಸ್ಟೈನಿನ ಮರಳಲ್ಲಿ ಒಬ್ಬ ಸವಾರ "ಸಾರ್" ಅನ್ನಿಸಿಕೊಂಡೇ ಓಡಾಡಿದ.

ದಾಳದ ವಿಚಾರ. ಆನ್‌ಲೈನಲ್ಲಿ ತರಿಸಿದ್ದು ಸಮಯಕ್ಕೆ ಬರಲಿಲ್ಲ. ಅಜ್ಜಿಯ ಡಬ್ಬಿಯಿಂದ ಆರು ಕವಡೆ ತಂದೆ, ಚೌಕಾಬಾರದ್ದು. ಆಮೇಲೆ ದಾಳ ಬಂದರೂ ಯಾರೂ ಮುಟ್ಟಲಿಲ್ಲ. ಲೆಕ್ಕ ಹೀಗೆ: ಆರು ಕವಡೆ ಹಾಕಿ, ಎಷ್ಟು ಬಾಯಿ ಮೇಲಾಗಿ ಬಿದ್ದವು ಅಂತ ಎಣಿಸಬೇಕು. ಸಾಧಾರಣ ಕೆಲಸಕ್ಕೆ ಮೂರು, ಕಷ್ಟದ್ದಕ್ಕೆ ನಾಲ್ಕು, ಪ್ರಾಣಕ್ಕೆ ಬಂದಾಗ ಐದು. ಕವಡೆ ನಾಣ್ಯದ ಹಾಗೆ ಸಮವಾಗಿ ಬೀಳುತ್ತೆ ಅಂದುಕೊಂಡರೆ 64 ರೀತಿಯಲ್ಲಿ ಮೂರು ಅಥವಾ ಜಾಸ್ತಿ ಬೀಳೋದು 42 ರೀತಿ, ನಾಲ್ಕು ಅಥವಾ ಜಾಸ್ತಿ 22, ಐದು ಅಥವಾ ಜಾಸ್ತಿ ಬರೀ 7. ಆದರೆ ಕವಡೆ ನಾಣ್ಯ ಅಲ್ಲ. ನಮ್ಮ ಆರರಲ್ಲಿ ಒಂದು ಕಳ್ಳ ಕವಡೆ ಇತ್ತು, ಹೇಗೆ ಎಸೆದರೂ ಬಹುತೇಕ ಬಾಯಿ ಮೇಲೆಯೇ. ಬದಲಾಯಿಸೋಣ ಅಂದೆ, ಯಾರೂ ಒಪ್ಪಲಿಲ್ಲ. ಮಾಮೂಲಿಗೆ ಐದೇ ಕವಡೆಯಲ್ಲಿ ಆಡೋದು, ಏನಾದರೂ ಕಳೆದುಕೊಂಡವನಿಗೆ ಮಾತ್ರ ಮುಂದಿನ ಸಲ ಆ ಕಳ್ಳನೂ ಸೇರಿ ಆರು ಅಂತ ತೀರ್ಮಾನ ಆಯಿತು. ನನ್ನ ಲೆಕ್ಕವೆಲ್ಲಾ ಕೆಟ್ಟಿತು, ಆಟ ಬಿಗಿಯಾಯಿತು.

ಎರಡನೇ ವಾರಕ್ಕೆ ದೊಡ್ಡ ಪ್ರಶ್ನೆ ಬಂತು. ಕೇಳಿದವನು ಸಕಲೇಶಪುರದವನು. "ಇತಿಹಾಸ ಮೊದಲೇ ಬರೆದಾಗಿದೆ. ಪ್ಯಾಲೆಸ್ಟೈನಿನ ಹೈಫಾ ಊರನ್ನು ಗೆದ್ದೇ ಗೆಲ್ತಾರೆ. ಮತ್ತೆ ನಾವೇನು ಆಡೋದು?" ನನ್ನ ಹತ್ತಿರ ಉತ್ತರ ಇರಲಿಲ್ಲ. ಉತ್ತರ ಕೊಟ್ಟವನೂ ಅವನೇ, ಕಾಫಿ ಕುಡಿಯುವಾಗ. "ತಾಳಮದ್ದಳೆ ಇದ್ದಂಗೆ ಬಿಡು. ಕರ್ಣ ಸಾಯ್ತಾನೆ ಅಂತ ಕೂತವರಿಗೆಲ್ಲಾ ಗೊತ್ತು. ಆದರೂ ಬೆಳಗಿನ ತನಕ ಕೂರಲ್ವಾ? ಪ್ರಸಂಗ ಗೊತ್ತು, ಅರ್ಥ ಗೊತ್ತಿಲ್ಲ. ನೀನು ಭಾಗವತ, ನಾವು ಅರ್ಥಧಾರಿಗಳು."

ಅವತ್ತಿಂದ ನಿಯಮ ಅದೇ. ಯುದ್ಧ ಎಲ್ಲಿ ಹೇಗೆ ನಡೆಯುತ್ತೆ ಅನ್ನೋದು ಪ್ರಸಂಗ, ಅದನ್ನು ನಾನೂ ಬದಲಾಯಿಸುವ ಹಾಗಿಲ್ಲ. ಈ ನಾಲ್ವರು ಏನಾಗ್ತಾರೆ ಅನ್ನೋದು ಅವರದ್ದು. ಹಾಗಾಗಿ ನಾನು ಯುದ್ಧ ತಯಾರು ಮಾಡೋದನ್ನೇ ಕಡಿಮೆ ಮಾಡಿದೆ. ನೀರು, ಮೇವು, ಜ್ವರ, ಟಪಾಲು, ಇವನ್ನು ತಯಾರು ಮಾಡಿದೆ.

ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಕುದುರೆ ಚೀಟಿ. ಪ್ರತಿಯೊಬ್ಬರಿಗೂ ತಮ್ಮ ಪಾತ್ರದ ಹಾಳೆ ಜೊತೆ ಕುದುರೆಗೂ ಒಂದು ಚೀಟಿ. ಅದರಲ್ಲಿ ನೀರು, ಮೇವು, ಗೊರಸು ಅಂತ ಮೂರು ಸಾಲು, ಒಂದೊಂದಕ್ಕೂ ಐದು ಚುಕ್ಕೆ. ದಿನ ಕಳೆದಂತೆ ಚುಕ್ಕೆ ಅಳಿಸಬೇಕು. ನಾನು ದಿನಕ್ಕೆ ಹತ್ತು ಲೀಟರ್ ನೀರು ಅಂತ ಬರೆದಿದ್ದೆ. ವೆಟರ್ನರಿ ಹುಡುಗಿ ನೋಡಿ ನಕ್ಕಳು. ಬಿಸಿಲಲ್ಲಿ ದುಡಿಯುವ ಕುದುರೆಗೆ 40 ಲೀಟರಿಗೂ ಜಾಸ್ತಿ ಬೇಕಂತೆ. ಇನ್ನೊಂದು ಹೇಳಿದಳು. ಕುದುರೆಗೆ ವಾಂತಿ ಮಾಡೋಕೆ ಬರಲ್ಲ. ಹೊಟ್ಟೆಗೆ ಹೋದದ್ದು ಕೆಟ್ಟದ್ದಾದರೆ ಅಲ್ಲೇ ಶೂಲೆ. ಮರಳ ಮೇಲೆ ಮೇವು ಸುರಿದರೆ ಮರಳೂ ಒಳಗೆ ಹೋಗುತ್ತೆ. ಮೂತಿಗೆ ಮೇವಿನ ಚೀಲ ಕಟ್ಟಲೇಬೇಕು. ಸೂಯೆಜ್ ದಂಡೆಯ ಅಧ್ಯಾಯದಲ್ಲಿ ನನ್ನ ತಮ್ಮ ಸೋಮಾರಿತನಕ್ಕೆ ಚೀಲ ಕಟ್ಟದೆ ಹೋದ. ಅವನ ಕುದುರೆ ರಾತ್ರಿಯೆಲ್ಲಾ ಹೊರಳಾಡಿತು. ನಾಲ್ಕು ಜನ ಸರದಿಯಲ್ಲಿ ಅದನ್ನು ನಡೆದಾಡಿಸಿದರು. ಒಂದು ಗುಂಡೂ ಹಾರದ ಆ ಎರಡು ಗಂಟೆ ಹೇಗೆ ಹೋಯಿತೋ ಗೊತ್ತಾಗಲಿಲ್ಲ.

ನಾವು ಅವತ್ತು ತಿನ್ನುತ್ತಾ ಇದ್ದದ್ದು ಹುರುಳಿಕಾಳಿನ ಉಸಲಿ. "ಕುದುರೆ ಮೇವು ನಾವು ಖಾಲಿ ಮಾಡಿದ್ವಿ" ಅಂತ ಸಾರ್ ತಟ್ಟೆ ಕೆಳಗಿಟ್ಟರು.

ಶತ್ರುವಿನ ವಿಷಯದಲ್ಲಿ ನಾನು ಎಡವುತ್ತಿದ್ದೆ. ಸಕಲೇಶಪುರದ ಗೆಳೆಯ ಮುಸ್ಲಿಂ, ಅವನ ಸವಾರನೂ ಮುಸ್ಲಿಂ. ಆ ದಂಡಿನಲ್ಲಿ ಮುಸ್ಲಿಮರೂ ಇದ್ದರು, ಮರಾಠರೂ ಇದ್ದರು. 1914ರ ನವೆಂಬರಲ್ಲಿ ತುರ್ಕಿಯ ಸುಲ್ತಾನ, ಅಂದರೆ ಆಗಿನ ಖಲೀಫ, ಬ್ರಿಟಿಷರ ಮೇಲೆ ಜಿಹಾದ್ ಸಾರಿದ್ದ. ಇದನ್ನು ಹೇಳದೆ ದಾಟಿಬಿಡೋಣ ಅಂದುಕೊಂಡಿದ್ದೆ. ಆಟಕ್ಕೆ ಮುಂಚೆ ಅವನನ್ನೇ ಪಕ್ಕಕ್ಕೆ ಕರೆದು ಕೇಳಿದೆ. "ಬಿಡ್ಬೇಡ, ನನಗೆ ಬಿಟ್ಟುಬಿಡು" ಅಂದ. ಒಂದು ರಾತ್ರಿ ಪಹರೆಯಲ್ಲಿ ಅವನ ಸವಾರ ಆಚೆ ದಂಡೆಯಿಂದ ಬಾಂಗ್ ಕೇಳಿದ. ಏನು ಮಾಡ್ತೀಯ ಅಂತ ಕೇಳಿದೆ. "ಮುಖ ತೊಳ್ಕೊಳ್ತೀನಿ. ನಮಾಜ್ ಮಾಡ್ತೀನಿ. ಆಮೇಲೆ ಪಹರೆಗೆ ನಿಲ್ತೀನಿ" ಅಂದ. ಅಷ್ಟೇ. ಅದಾದ ಮೇಲೆ ನಾನು ತುರ್ಕಿ ಸೈನಿಕರನ್ನು ಬರೀ ತಲೆ ಲೆಕ್ಕ ಅಂತ ಆಡಿಸಲಿಲ್ಲ. ಅವರಿಗೂ ಬಾಯಾರಿಕೆ ಆಯಿತು.

1918ರ ಬೇಸಿಗೆಯ ಜೋರ್ಡಾನ್ ಕಣಿವೆ ಬಂತು. ಸಮುದ್ರಮಟ್ಟಕ್ಕಿಂತ ಕೆಳಗಿರುವ ಜಾಗ. ಧೂಳು, ಸೊಳ್ಳೆ, ಮಲೇರಿಯಾ, ಕ್ವಿನೈನ್. ಜುಲೈ 14ರಂದು ಜೋಧಪುರದವರೂ ಮೈಸೂರಿನವರೂ ಅಲ್ಲಿ ಕುದುರೆ ಓಡಿಸಿಕೊಂಡು ನುಗ್ಗಿದ್ದಾರೆ. ಅದನ್ನು ಹತ್ತು ನಿಮಿಷದಲ್ಲಿ ಮುಗಿಸಿದೆ. ಉಳಿದ ಹೊತ್ತೆಲ್ಲಾ ಕಾಯೋದು. ಪ್ರತಿ ವಾರ ಕೊನೆಯಲ್ಲಿ ಟಪಾಲು ಹಂಚುತ್ತಿದ್ದೆ. ಊರಿನ ಕಾಗದ, ನಾನೇ ಕೈಯಲ್ಲಿ ಬರೆದದ್ದು. "ಉಭಯ ಕುಶಲೋಪರಿ ಸಾಂಪ್ರತ" ಅಂತ ಶುರು, ಮಳೆ, ದನ, ಸಾಲ, ಮದುವೆ. ಸವಾರರಿಗೆ ಓದು ಬರಲ್ಲ ಅಂತ ಇಟ್ಟುಕೊಂಡಿದ್ದೆವು. ದಫೇದಾರನೇ ಎಲ್ಲರ ಕಾಗದವನ್ನೂ ಗಟ್ಟಿಯಾಗಿ ಓದಬೇಕು. ಗುಟ್ಟು ಅನ್ನೋದೇ ಇಲ್ಲ. ಸಾರ್ ಅವರ ಸವಾರನ ಹೆಂಡತಿ ಬೈದು ಬರೆದಿದ್ದನ್ನು ಆ ಹುಡುಗಿ ಓದುವಾಗ ಇಬ್ಬರ ಮುಖವೂ ನೋಡಬೇಕಿತ್ತು.

ಸೆಪ್ಟೆಂಬರ್ 23, ಹೈಫಾ. ಮಹಡಿಯ ರೆಡ್ ಆಕ್ಸೈಡ್ ನೆಲದ ಮೇಲೆ ಸೀಮೆಸುಣ್ಣದಲ್ಲಿ ನಕ್ಷೆ ಬರೆದೆ. ಒಂದು ಕಡೆ ಕಾರ್ಮೆಲ್ ಬೆಟ್ಟ, ಇನ್ನೊಂದು ಕಡೆ ಕಿಶೋನ್ ಹೊಳೆ, ನಡುವೆ ಊರಿಗೆ ಹೋಗುವ ಇಕ್ಕಟ್ಟಿನ ದಾರಿ. ಬೆಟ್ಟದ ಮೇಲೆ ಫಿರಂಗಿ. ಹೊಳೆಯ ದಂಡೆಯಲ್ಲಿ ಹೂತುಕೊಳ್ಳುವ ಮರಳು. ಜೋಧಪುರದವರು ಹೊಳೆ ದಾಟಲಾಗದೆ ಎಡಕ್ಕೆ ತಿರುಗಿ ನುಗ್ಗಿದರು. ಅವರ ಮೇಜರ್ ದಳಪತ್ ಸಿಂಗ್ ಆ ದಾಳಿಯಲ್ಲಿ ಗುಂಡು ತಗುಲಿ ಸತ್ತರು. ಮೈಸೂರಿನ ಒಂದು ತುಕಡಿಗೆ ಬೆಟ್ಟ ಹತ್ತಿ ಫಿರಂಗಿ ಹಿಡಿಯುವ ಕೆಲಸ. ನಮ್ಮ ನಾಲ್ವರನ್ನು ಆ ತುಕಡಿಗೆ ಹಾಕಿದ್ದೆ.

ಭರ್ಜಿ ಎತ್ತಿಕೊಂಡು ಓಡೋದು ಅಂತ ಅವರೆಲ್ಲಾ ಅಂದುಕೊಂಡಿದ್ದರು. ಆದರೆ ಗುಡ್ಡ ತುಂಬಾ ಕಡಿದು. ದಾರಿ ಮೇಕೆ ಓಡಾಡುವಷ್ಟು. ಕುದುರೆಗಳ ನೀರಿನ ಸಾಲಿನಲ್ಲಿ ಒಂದು, ಎರಡು ಚುಕ್ಕೆ. ಮಲೆನಾಡಿನವನು ತಕ್ಷಣ ಹೇಳಿದ: "ಇಳೀರಿ, ಕೈಯಲ್ಲಿ ಹಿಡ್ಕೊಂಡು ನಡೆಸೋಣ." ಸಾರ್ ಇಳಿಯಲಿಲ್ಲ. ಅವರ ಸವಾರನಿಗೆ ಹಿಂದಿನ ವಾರ ಜ್ವರ, ನಡೆಯುವ ಶಕ್ತಿ ಇಲ್ಲ. ಕವಡೆ ಹಾಕಿದರು. ಎರಡು ಬಿತ್ತು. ಮೇಲಿಂದ ಮಷೀನ್‌ಗನ್ ಹೊಡೆಯಿತು. ಗುಂಡು ತಾಗಿದ್ದು ಕುದುರೆಗೆ.

ಅದರ ಹೆಸರು ಕೆಂಪಿ. ಏಳು ವಾರ ಅದಕ್ಕೆ ನೀರಿನ ಚುಕ್ಕೆ ತುಂಬಲು ತಾವು ಆಡುವ ಸವಾರನ ಪಾಲಿನ ನೀರನ್ನೂ ಕೊಟ್ಟವರು ಸಾರ್. ಕುದುರೆ ಹೇಗೆ ಬಿತ್ತು ಅಂತ ನಾನು ವಿವರಿಸಲು ಬಾಯಿ ತೆಗೆದೆ. ಸಾರ್ ಕಾಫಿ ಲೋಟ ಎತ್ತಿ ಬೋರಲು ಹಾಕಿದರು.

ಇದು ನಾವು ಮೊದಲ ದಿನವೇ ಮಾಡಿಕೊಂಡ ಕರಾರು. ಯಾರಿಗೆ ಸಾಕು ಅನ್ನಿಸಿದರೂ ಲೋಟ ಬೋರಲು. ಕಾರಣ ಕೇಳುವ ಹಾಗಿಲ್ಲ, ಅಲ್ಲಿಗೆ ಆ ದೃಶ್ಯ ನಿಲ್ಲಬೇಕು. ಯುದ್ಧದ ಆಟ ಆಡಿಸುವವರು ಇಂಥದ್ದೊಂದು ಇಟ್ಟುಕೊಳ್ಳಲೇಬೇಕು. ಸತ್ತವರು ಮನುಷ್ಯರಾದರೆ ಬೇಜಾರಾಗುತ್ತೆ ಅಂತ ನಾನು ಎಣಿಸಿದ್ದೆ. ಕುದುರೆಗೆ ಲೋಟ ಬೋರಲಾಗುತ್ತೆ ಅಂತ ಎಣಿಸಿರಲಿಲ್ಲ. ಹತ್ತು ನಿಮಿಷ ಎಲ್ಲರೂ ಬಾಲ್ಕನಿಯಲ್ಲಿ ನಿಂತೆವು. ವಾಪಸ್ ಬಂದು ಕೂತಾಗ ನಾನು ಲೆಕ್ಕ ಮಾತ್ರ ಹೇಳಿದೆ. ಹೈಫಾ ಕೈವಶ, ಸಾವಿರಕ್ಕೂ ಜಾಸ್ತಿ ಸೆರೆಯಾಳುಗಳು. ನಮ್ಮ ಕಡೆ ಸತ್ತವರು 8 ಜನ, ಗಾಯಾಳು 34. ಸತ್ತ ಕುದುರೆ 60. ಹುಡುಗಿ ಕೊನೆಯ ಸಂಖ್ಯೆಯನ್ನು ತನ್ನ ಹಾಳೆಯ ಮೂಲೆಯಲ್ಲಿ ಬರೆದುಕೊಂಡಳು.

ಇಲ್ಲಿಗೇ ನಿಲ್ಲಿಸಬಹುದಿತ್ತು. ಪ್ರತಿಮೆ, ಮೆರವಣಿಗೆ, ಹೈಫಾ ದಿನ, ಎಲ್ಲಾ ಇಲ್ಲಿಗೇ ನಿಲ್ಲುತ್ತೆ. ಆದರೆ ಅದೇ ದಂಡು ಮುಂದೆ ಉತ್ತರಕ್ಕೆ ಹೋಯಿತು. ದಾರಿಯಲ್ಲಿ ಮಲೇರಿಯಾ, ಇನ್‌ಫ್ಲುಯೆಂಜಾ ಸೈನ್ಯವನ್ನೇ ಅರ್ಧ ಮಲಗಿಸಿತು. ಅಕ್ಟೋಬರ್ 26ರಂದು ಅಲೆಪ್ಪೊ ದಾಟಿ ಹರಿತಾನ್ ಅನ್ನೋ ಹಳ್ಳಿಯ ಹತ್ತಿರ, ಎದುರಿಗಿರುವವರು ಕಡಿಮೆ ಅಂದುಕೊಂಡು ಮೈಸೂರಿನವರೂ ಜೋಧಪುರದವರೂ ನುಗ್ಗಿದರು. ಕಡಿಮೆ ಇರಲಿಲ್ಲ. ಅವತ್ತು ಸತ್ತವರು ಹೈಫಾದಲ್ಲಿ ಸತ್ತವರಿಗಿಂತ ಜಾಸ್ತಿ. ಅಕ್ಟೋಬರ್ 30ಕ್ಕೆ ತುರ್ಕಿಯ ಜೊತೆ ಕದನವಿರಾಮದ ಒಪ್ಪಂದಕ್ಕೆ ಸಹಿ ಬಿತ್ತು, ಮರುದಿನ ಮಧ್ಯಾಹ್ನ ಅಲ್ಲಿ ಯುದ್ಧ ಮುಗಿಯಿತು. ಐದೇ ದಿನ!

ಆಡೋಣವಾ ಬೇಡವಾ ಅಂತ ಕೇಳಿದೆ. ಆಡೋಣ ಅಂದರು. ದಿನಾಂಕ ನಾನು ಹೇಳಲಿಲ್ಲ, ಅವರು ಮೊಬೈಲಲ್ಲಿ ಹುಡುಕಲಿಲ್ಲ. ನನ್ನ ತಮ್ಮ ಐದು ಬೇಕಾದ ಕಡೆ ಒಂದು ಹಾಕಿದ. ಏನೂ ಕಳೆದುಕೊಂಡಿರಲಿಲ್ಲವಲ್ಲ, ಕಳ್ಳ ಕವಡೆ ಅವನ ಕೈಯಲ್ಲಿ ಇರಲಿಲ್ಲ. ಅವನ ಸವಾರ ಹೋದ. ಸೋಮಾರಿಯ ಹೊಟ್ಟೆಶೂಲೆಯ ಕುದುರೆ ಬದುಕಿತು. ತಮ್ಮ ಸುಮ್ನೆ ತನ್ನ ಹಾಳೆಯನ್ನು ಮಗುಚಿಟ್ಟ.

ಆಮೇಲೆ ಒಪ್ಪಂದದ ಸುದ್ದಿ ಹೇಳಿದೆ. ಯಾರೂ ಕುಣಿಯಲಿಲ್ಲ. ಗಂಟೆ ಏಳು ಆಗಿತ್ತು. "ಟಪಾಲು?" ಅಂದಳು ಹುಡುಗಿ.

ನಾಲ್ಕು ಕಾಗದ ಬರೆದು ತಂದಿದ್ದೆ. ಸೆಪ್ಟೆಂಬರಲ್ಲಿ ಊರು ಬಿಟ್ಟ ಕಾಗದಗಳು, ಬರೆದವರಿಗೆ ಏನೂ ಗೊತ್ತಿಲ್ಲ. ಮೂರು ಹಂಚಿ, ನಾಲ್ಕನೆಯದನ್ನು ಚೀಲಕ್ಕೆ ವಾಪಸ್ ಹಾಕಲು ಹೋದೆ. ಹುಡುಗಿ ಕೈ ಚಾಚಿದಳು. ಸಾರ್ ಪಕ್ಕದಿಂದ "ಬೇಡಮ್ಮಾ, ಬಿಡು, ನಾನು ಓದ್ತೀನಿ" ಅಂದರು.

ಅವಳು ಅವರ ಕಡೆ ತಿರುಗಿದಳು. "ನಿನಗೆ ಓದೋಕೆ ಬರಲ್ಲ. ಅಲ್ಲಿ ಕೂತ್ಕೋ."

ಸಾರ್ ಕೂತರು. ಅವಳು ಕಾಗದ ಬಿಡಿಸಿದಳು. ಉಭಯ ಕುಶಲೋಪರಿ ಸಾಂಪ್ರತ. ಇಲ್ಲಿ ಹುರುಳಿ ಬಿತ್ತನೆ ಆಯಿತು. ನೀನು ಬರುವ ಹೊತ್ತಿಗೆ ಕಾಳು ಕಟ್ಟಿರುತ್ತದೆ.